ಪೆರಾಬೆಗೆ ಹೋದಾಗಲೆಲ್ಲ ಸುಟ್ಟ ಬಲ್ಬು

ಈಗ ನಮ್ಮ ಮನೆಯಲ್ಲಿ ಗಂಟೆ ಹೇಳದ ಜೀವ ಅಂತ ಉಳಿದಿರುವುದು ನಾನು ಮತ್ತು ಅಂಗಳದ ತುಳಸಿಗಿಡ ಮಾತ್ರ. ಸಾರು ಬಿಸಿ ಮಾಡುವ ಪೆಟ್ಟಿಗೆ ಗಂಟೆ ಹೇಳುತ್ತದೆ. ಟಿವಿಯ ಕೆಳಗೆ ಕುಳಿತ ಡಬ್ಬಿ ಹೇಳುತ್ತದೆ. ಬಟ್ಟೆ ಒಗೆಯುವ ಯಂತ್ರವಂತೂ ಇನ್ನೆಷ್ಟು ನಿಮಿಷ ಎಂದು ನಾನು ಕೇಳದಿದ್ದರೂ ವರದಿ ಒಪ್ಪಿಸುತ್ತದೆ. ಇಷ್ಟೆಲ್ಲ ಸಾಲದು ಎಂಬಂತೆ ಪಕ್ಕದ ಮನೆಯ ರಮೇಶ ಹೊಸ ಕಾರು ತಂದ. ಮೊನ್ನೆ ಕಡಬದಲ್ಲಿ ಒಂದು ಗೃಹಪ್ರವೇಶದ ಊಟ ಇತ್ತು. "ನಮ್ಮೊಟ್ಟಿಗೆ ಬನ್ನಿ ಅಕ್ಕ" ಎಂದು ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋದ.

ದಾರಿಯುದ್ದಕ್ಕೂ ಕಾರಿನ ಗುಣಗಾನ. ಎದುರಿನ ಹಲಗೆಯಲ್ಲಿ ನೀಲಿ, ಕೆಂಪು, ಹಸಿರು ದೀಪಗಳು, ಚಿನ್ನದ ಅಂಗಡಿಯ ಕಪಾಟಿನ ಹಾಗೆ. ನಡುವಿನಲ್ಲಿ ಗಡಿಯಾರ. ಅದರ ಅಂಕೆಗಳನ್ನು ರಸ್ತೆಯ ಆಚೆ ಬದಿಯಲ್ಲಿ ನಿಂತವರೂ ಓದಬಹುದಿತ್ತು.

"ಈ ಗಡಿಯಾರದ ದೀಪ ಆರಿಸುದು ಹೇಗೆ ಮಾರಾಯ?" ಎಂದು ಕೇಳಿದೆ.

"ಆರಿಸ್ಲಿಕ್ಕೆ ಆಗುದಿಲ್ಲ ಅಕ್ಕ. ಯಾವಾಗ್ಲೂ ಉರೀತಾ ಇರ್ತದೆ."

"ಹಾಳಾದ್ರೆ?"

"ಹಾಳಾಗುದೇ ಇಲ್ಲ!" ಎಂದು ಅವನು ಹೆಮ್ಮೆಯಿಂದ ಹೇಳಿದ.

ಹಿಂದಿನ ಸೀಟಿನಲ್ಲಿ ಅವನ ಹೆಂಡತಿ ಕುಳಿತಿದ್ದಳು. ಅವಳನ್ನು ನೋಡಿ ಪಾಪ ಎನಿಸಿತು. ಹಾಳಾಗದ ಗಡಿಯಾರ ಇರುವ ಕಾರಿನಲ್ಲಿ ತವರಿಗೆ ಹೋಗಿ ಬರುವುದು ಎಂಥ ಕಷ್ಟ ಎಂದು ಈಗಿನವರಿಗೆ ತಿಳಿಯದು. ನನ್ನ ಅಮ್ಮನಿಗೆ ಚೆನ್ನಾಗಿ ತಿಳಿದಿತ್ತು.

ನನ್ನ ಅಪ್ಪ ಪುತ್ತೂರಿನಲ್ಲಿ ವಕೀಲ. ಐವತ್ತರ ದಶಕ ಮುಗಿಯುವ ಹೊತ್ತಿಗೆ ಅವನು ಒಂದು ಕಾರು ಕೊಂಡ. ಕೊಡಗಿನ ಕಾಫಿ ತೋಟದ ಯಾವನೋ ದೊರೆ, ಸ್ವಾತಂತ್ರ್ಯ ಬಂದ ಕೂಡಲೇ ಹಡಗು ಹತ್ತುವ ಅವಸರದಲ್ಲಿ ಬಿಟ್ಟುಹೋದ ಕಾರು ಅದು. ಮಡಿಕೇರಿಯಿಂದ ಸುಳ್ಯಕ್ಕೆ, ಸುಳ್ಯದಿಂದ ಪುತ್ತೂರಿಗೆ ಇಳಿಯುತ್ತ, ಇಳಿದಲ್ಲೆಲ್ಲ ಒಬ್ಬೊಬ್ಬ ಯಜಮಾನನ ಕೈಗೆ ಸಿಕ್ಕಿ, ಪ್ರತಿಯೊಬ್ಬನ ಹತ್ತಿರವೂ ಏನಾದರೊಂದು ಭಾಗ ಕಳೆದುಕೊಂಡು, ಕೊನೆಗೆ ನಮ್ಮ ಅಂಗಳದಲ್ಲಿ ಬಂದು ನಿಂತಿತು. ಕಾರಿನ ಹೆಸರು ಹೇಳುವುದಿಲ್ಲ. ಅದನ್ನು ಮಾಡಿದವರ ತಪ್ಪು ಅದರಲ್ಲಿ ಏನೂ ಇಲ್ಲ.

ಹಿಂದಿನ ಬಾಗಿಲುಗಳಲ್ಲಿ ಒಂದನ್ನು ತೆಂಗಿನ ನಾರಿನ ಹಗ್ಗದಿಂದ ಕಟ್ಟಬೇಕಿತ್ತು. ಮಳೆ ಬಂದರೆ ಗಾಜು ಒರೆಸುವ ಕಡ್ಡಿಯನ್ನು ಒಳಗಿನಿಂದ ಕೈಯಲ್ಲೇ ಆಡಿಸಬೇಕಿತ್ತು. ಬ್ರೇಕು ಇತ್ತು, ಆದರೆ ಅದಕ್ಕೆ ಮುಂಚಿತವಾಗಿ ತಿಳಿಸಬೇಕಿತ್ತು. ಉಪ್ಪಿನಂಗಡಿಯಲ್ಲಿ ನಿಲ್ಲಿಸುವುದಿದ್ದರೆ ಪೇಟೆ ಕಾಣುವ ಮೊದಲೇ ಅಪ್ಪ ಅದನ್ನು ಒತ್ತಲು ಸುರು ಮಾಡುತ್ತಿದ್ದ. ಇವು ಯಾವುವೂ ಅವನ ಕಣ್ಣಿಗೆ ಕುಂದುಗಳಾಗಿ ಕಾಣಲಿಲ್ಲ. "ಹಳೇ ಗಾಡಿ ಅಂದ್ಮೇಲೆ ಸಣ್ಣಪುಟ್ಟದ್ದು ಇರ್ತದೆ" ಎನ್ನುತ್ತಿದ್ದ, ಬ್ರೇಕಿನ ಬಗ್ಗೆ. ಅವನ ನೆಮ್ಮದಿ ಕೆಡಿಸುತ್ತಿದ್ದದ್ದು ಒಂದೇ ಒಂದು. ಅದು ಗಡಿಯಾರದ ಹಿಂದೆ ಇದ್ದ, ನೆಲಗಡಲೆ ಕಾಳಿನಷ್ಟು ದೊಡ್ಡ ಬಲ್ಬು.

ಆ ಗಡಿಯಾರ ಎಡಗಡೆಯ ಸೀಟಿನ ಎದುರಿಗೆ, ಹಲಗೆಯೊಳಗೆ ಹೂತುಕೊಂಡಿತ್ತು. ಕಪ್ಪು ಮುಖ, ಕೂದಲೆಳೆಯಂಥ ಮುಳ್ಳುಗಳು, ಮೇಲೆ ಮಸುಕಾದ ಗಾಜು. ಹಗಲಿನಲ್ಲಿ ಬಗ್ಗಿ ನೋಡಿದರೆ ಕಾಣುತ್ತಿತ್ತು. ಕತ್ತಲಾದ ಮೇಲೆ ಬಲ್ಬು ಉರಿದರೆ ಮಾತ್ರ. ಕಾರಿನಲ್ಲಿ ತಾನು ಮಾಡಬೇಕಾದ ಕೆಲಸವನ್ನು ತಪ್ಪದೆ ಮಾಡುತ್ತಿದ್ದದ್ದು ಅದೊಂದೇ ಆದ್ದರಿಂದ ಅಪ್ಪನಿಗೆ ಅದರ ಮೇಲೆ ಅಪಾರ ಗೌರವ. ಭಾನುವಾರ ಸ್ನಾನ ಮುಗಿಸಿ, ದೇವರಿಗೆ ಕೈ ಮುಗಿಯುವ ಮೊದಲು ಅದಕ್ಕೆ ಕೀಲಿ ಕೊಡುತ್ತಿದ್ದ. ಆಕಾಶವಾಣಿಯವರು ಹೇಳುವ ಗಂಟೆ ಅದಕ್ಕೆ ಸರಿಹೊಂದಿದರೆ, ಪರವಾಗಿಲ್ಲ, ಇವತ್ತು ರೇಡಿಯೋ ಸರಿ ಉಂಟು ಎನ್ನುತ್ತಿದ್ದ.

ಅಮ್ಮನನ್ನು ಅವನು ಮುಂದಿನ ಸೀಟಿನಲ್ಲಿ ಕೂರಿಸುತ್ತಿದ್ದ. ಆ ಕಾಲಕ್ಕೆ ಪುತ್ತೂರಿನ ಪೇಟೆಯಲ್ಲಿ ಇದು ಸಣ್ಣ ಸುದ್ದಿಯಾಗಲಿಲ್ಲ. ವಕೀಲರು ಬಹಳ ಮುಂದುವರಿದವರು, ಹೆಂಡತಿಯನ್ನು ಸರಿಸಮ ಕೂರಿಸಿಕೊಂಡು ಹೋಗುತ್ತಾರೆ ಎಂದು ಹೊಗಳುವವರು ಹೊಗಳಿದರು, ತೆಗಳುವವರು ತೆಗಳಿದರು. ನಿಜ ಸಂಗತಿ ಎಂದರೆ ಗಾಜಿನ ಕಡ್ಡಿ ಆಡಿಸಲು ಮತ್ತು ಗಂಟೆ ನೋಡಿ ಹೇಳಲು ಅಲ್ಲಿ ಒಬ್ಬರು ಬೇಕಿತ್ತು. ಅಮ್ಮ ಗಂಟೆ ಹೇಳಿದ ಮೇಲೆ ಅಪ್ಪ ತಾನೂ ಒಮ್ಮೆ ಬಗ್ಗಿ ನೋಡಿ ದೃಢಪಡಿಸಿಕೊಳ್ಳುತ್ತಿದ್ದ. ಆಗ ಕಾರು ಚರಂಡಿಯ ಕಡೆ ಹೊರಳುತ್ತಿತ್ತು. ಹಿಂದಿನ ಸೀಟಿನಲ್ಲಿ ಬಾಳೆಗೊನೆಯನ್ನು ತಬ್ಬಿಕೊಂಡಿದ್ದ ನಾನು ಕಿರುಚುತ್ತಿದ್ದೆ. ಹೀಗೆ ಮೂವರೂ ಸೇರಿ ಆ ಕಾರನ್ನು ಓಡಿಸುತ್ತಿದ್ದೆವು.

ನಾವು ಹೋಗುತ್ತಿದ್ದದ್ದು ಪೆರಾಬೆಗೆ, ಅಮ್ಮನ ತವರಿಗೆ. ತಿಂಗಳಿಗೊಂದು ಭಾನುವಾರ, ಅದೂ ಅಪ್ಪನಿಗೆ ಬೇರೆ ಕೆಲಸ ಇಲ್ಲದಿದ್ದರೆ. ಮಧ್ಯಾಹ್ನದ ಊಟ ಮುಗಿಸಿ ಹೊರಟು, ಉಪ್ಪಿನಂಗಡಿಯಲ್ಲಿ ಕುದಿಯುವ ಕಾರಿಗೆ ನೀರು ಕುಡಿಸಿ, ಪೆರಾಬೆ ಮುಟ್ಟುವಾಗ ಬಿಸಿಲು ಓರೆಯಾಗುತ್ತಿತ್ತು. ಏಳು ಗಂಟೆಗೆ ಅಲ್ಲಿಂದ ಹೊರಡುವುದು. ಇದು ಅಪ್ಪ ಮಾಡಿಕೊಂಡ ಶಾಸನ. ಏಳಕ್ಕೆ ಮೊದಲು ಎದ್ದರೆ ಮಾವನ ಮನೆಯವರಿಗೆ ಅವಮಾನ. ಏಳು ದಾಟಿದ ಮೇಲೂ ಕೂತಿದ್ದರೆ, ಊಟಕ್ಕೆ ಕಾಯುತ್ತಿದ್ದಾನೆ ಎಂದು ಅಳಿಯನಿಗೆ ಅವಮಾನ. ಈ ಎರಡು ಅವಮಾನಗಳ ನಡುವೆ ಇದ್ದ ಸಣ್ಣ ಸಂದಿಯಲ್ಲಿ ಅಪ್ಪ ಎದ್ದು ಹೆಗಲಿಗೆ ಶಾಲು ಹಾಕಿಕೊಳ್ಳಬೇಕಿತ್ತು.

ಇದಕ್ಕೆ ಒಂದೇ ಒಂದು ವಿನಾಯಿತಿ. ಒಲೆಯ ಮೇಲೆ ಅಕ್ಕಿ ಬಿದ್ದ ಮೇಲೆ ಉಣ್ಣದೆ ಹೊರಡುವ ಹಾಗಿಲ್ಲ. ಇದು ಅಪ್ಪನ ಶಾಸನಕ್ಕಿಂತ ಹಳೆಯದು, ಊರಿಗೆ ಊರೇ ಪಾಲಿಸುವಂಥದ್ದು. ನಮ್ಮ ಹೆಸರಿನಲ್ಲಿ ಅಳೆದು ಹಾಕಿದ ಅಕ್ಕಿಯನ್ನು ಬಿಟ್ಟು ಎದ್ದುಹೋದರೆ ಆ ಮನೆಯ ಮುಖಕ್ಕೆ ಹೊಡೆದ ಹಾಗೆ. ಅಪ್ಪ ಎಂಥ ಜಜ್ಜಿನ ಎದುರಿಗೂ ವಾದ ಮಾಡುವವ, ಆದರೆ ಬೇಯುವ ಅಕ್ಕಿಯ ಎದುರು ಅವನ ವಾದ ನಡೆಯುತ್ತಿರಲಿಲ್ಲ.

ಹಾಗಾದರೆ ನಾಲ್ಕು ಗಂಟೆಗೇ ಅಕ್ಕಿ ಹಾಕಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹಾಗೆ ಮಾಡಿದರೆ ಅಳಿಯನನ್ನು ಮೋಸದಿಂದ ಹಿಡಿದಿಟ್ಟ ಹಾಗಾಗುತ್ತದೆ, ಅದು ಮರ್ಯಾದಸ್ಥರ ಕೆಲಸವಲ್ಲ. ಅವನು ಹೊರಡುವ ಹೊತ್ತು ದಾಟಿದ ಮೇಲೆ ಹಾಕಿದರೆ ಅದು ಉಪಚಾರ. ಎರಡಕ್ಕೂ ಎಷ್ಟು ನಿಮಿಷದ ಅಂತರ ಎನ್ನುವುದು ಪೆರಾಬೆಯ ಅಡುಗೆಮನೆಗೆ ಖಚಿತವಾಗಿ ಗೊತ್ತಿತ್ತು.

ಇಷ್ಟಕ್ಕೂ ಏಳರ ಮೇಲೆ ಅಂಥದ್ದೇನಿತ್ತು? ಅಮ್ಮನಿಗೆ ಎಲ್ಲವೂ ಇದ್ದದ್ದೇ ಏಳರ ಮೇಲೆ. ಅದಕ್ಕೆ ಮೊದಲು ಅವಳು ತವರಿಗೆ ಬಂದು ಮಾಡುತ್ತಿದ್ದದ್ದು ತನ್ನ ಗಂಡನಿಗೆ ಕಾಫಿ, ತನ್ನ ಗಂಡನಿಗೆ ಅವಲಕ್ಕಿ, ತನ್ನ ಗಂಡನನ್ನು ನೋಡಲು ಬಂದ ನೆರೆಕರೆಯವರಿಗೆ ಬೆಲ್ಲ ನೀರು. ಪುತ್ತೂರಿನಲ್ಲಿ ಮಾಡುವುದನ್ನೇ ಇಲ್ಲಿಯೂ ಮಾಡಲು ಅಷ್ಟು ದೂರ ಕಾರಿನಲ್ಲಿ ಬರಬೇಕಿತ್ತೆ? ಊಟಕ್ಕೆ ಉಳಿದ ದಿನ ಹಾಗಲ್ಲ. ಅಕ್ಕಿ ಬೇಯುವಷ್ಟು ಹೊತ್ತು, ಗಂಡಸರು ಉಂಡು ಎಲೆ ಅಡಿಕೆ ಹಾಕುವಷ್ಟು ಹೊತ್ತು, ಅವಳು ಒಳಗಿನ ಕೋಣೆಯಲ್ಲಿ ಅಜ್ಜಿಯ ಮಡಿಲಲ್ಲಿ ತಲೆಯಿಟ್ಟು ಮಲಗುತ್ತಿದ್ದಳು. ಅಜ್ಜಿಗೆ ಆಗಲೇ ಕಣ್ಣು ಮಂಜು. ಎಣ್ಣೆಯ ಬಟ್ಟಲನ್ನು ತಡಕಿ ತಡಕಿ ತೆಗೆದುಕೊಂಡು ಮಗಳ ತಲೆಗೆ ಹಚ್ಚುತ್ತಿದ್ದಳು. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ನನ್ನ ಅಮ್ಮ ಇನ್ನೊಬ್ಬರ ಮಗಳೂ ಹೌದು ಎಂದು ನನಗೆ ಮೊದಲು ಹೊಳೆದದ್ದು ಅಲ್ಲಿ. ಅದಕ್ಕೆ ಮೊದಲು ಅಮ್ಮ ಎಂದರೆ ಅಡುಗೆಮನೆಯ ಜೊತೆಗೇ ಕಟ್ಟಿಸಿದ್ದು ಎಂದು ನಾನು ತಿಳಿದಿದ್ದೆ.

ಕಾರು ಬರುವ ಮೊದಲು ನಾವು ಬಸ್ಸಿನಲ್ಲಿ ಹೋಗುತ್ತಿದ್ದೆವು. ಆಗ ಅಮ್ಮನ ಅಣ್ಣ, ನನ್ನ ಸೋದರಮಾವ, ಚಾವಡಿಯ ಗೋಡೆ ಗಡಿಯಾರವನ್ನು ಕೊಂಚ ಹಿಂದಕ್ಕೆ ತಿರುಗಿಸಿ ಇಡುತ್ತಿದ್ದ. ಒಂದು ಸಲ ಅದನ್ನೇ ನಂಬಿ ಅಪ್ಪನಿಗೆ ಕಡೆಯ ಬಸ್ಸು ತಪ್ಪಿತು. ಅಂದಿನಿಂದ ಮಾವನ ಮನೆಯ ಗಡಿಯಾರ ಅಪ್ಪನ ಪಾಲಿಗೆ ಸುಳ್ಳು ಸಾಕ್ಷಿ. ಅವನು ಕಾರು ಕೊಂಡದ್ದೇ ಆ ಬಸ್ಸಿನ ಸಿಟ್ಟಿನಲ್ಲಿ ಎಂದು ನನ್ನ ಅನುಮಾನ. ಕೈಗಡಿಯಾರವನ್ನು ಅವನು ಕಟ್ಟುತ್ತಿರಲಿಲ್ಲ. ಗಂಡಸರು ಕೈಗೆ ಬಳೆ ಹಾಕುವುದು ಅವನಿಗೆ ಸರಿ ಕಾಣುತ್ತಿರಲಿಲ್ಲ. ಆದ್ದರಿಂದ ಭೂಮಿಯ ಮೇಲೆ ಏಳು ಗಂಟೆಯಾಯಿತೋ ಇಲ್ಲವೋ ಎಂದು ತೀರ್ಮಾನಿಸುವ ಅಧಿಕಾರ ಉಳಿದದ್ದು ಕಾರಿನ ಗಡಿಯಾರಕ್ಕೆ ಮಾತ್ರ.

ಕಾರು ಬಂದ ಸುರುವಿನಲ್ಲಿ ಅಪ್ಪನ ರಾಜ್ಯಭಾರ ಸುಸೂತ್ರವಾಗಿ ನಡೆಯಿತು. ಕತ್ತಲಾಗುತ್ತಲೇ ಚಾವಡಿಯಿಂದ ಇಳಿದು ಕಾರಿಗೆ ಹೋಗುವುದು, ದೀಪದ ಗುಂಡಿ ಎಳೆಯುವುದು, ಗಡಿಯಾರ ನೋಡುವುದು, ಅಲ್ಲಿಂದಲೇ "ಏಳಾಯ್ತು, ಹೊರಡುವಾ" ಎಂದು ಕೂಗುವುದು. ಅಮ್ಮ ತಲೆಗೆ ಎಣ್ಣೆ ಕಾಣದೆ ಹಿಂದೆ ಬರುವುದು.

ಆಮೇಲೆ ಒಂದು ಭಾನುವಾರ ಅಪ್ಪ ಗುಂಡಿ ಎಳೆದ. ಗಡಿಯಾರ ಕತ್ತಲಾಗಿಯೇ ಇತ್ತು.

"ಬಲ್ಬು ಹೋಗಿದೆ" ಎಂದು ಅಂಗಳದಿಂದ ಅಪ್ಪನ ಸ್ವರ ಕೇಳಿತು.

"ಅಯ್ಯೋ, ಹೌದಾ ಭಾವ?" ಎಂದ ಮಾವ.

"ಒಂದು ಟಾರ್ಚು ಕೊಡು ಮಾರಾಯ."

"ಟಾರ್ಚು ಉಂಟು ಭಾವ, ಸೆಲ್ಲು ಇಲ್ಲ. ಲಾಟೀನು ತರುದಾ?"

"ಎಂತ, ನನ್ನ ಕಾರು ಸುಡುವ ಅಂದಾಜು ಉಂಟಾ ನಿನಗೆ?"

ಕಾರಿನಲ್ಲಿ ಎಲ್ಲಿಂದಲೋ ಪೆಟ್ರೋಲಿನ ವಾಸನೆ ಬರುತ್ತಿತ್ತು. ಎಲ್ಲಿಂದ ಎಂದು ಹುಡುಕಿ ಸರಿ ಮಾಡಿಸುವುದಕ್ಕಿಂತ ಅದರ ಹತ್ತಿರ ಬೆಂಕಿ ತರಬಾರದು ಎಂದು ಕಾನೂನು ಮಾಡುವುದು ವಕೀಲನಾದ ಅಪ್ಪನಿಗೆ ಸುಲಭವಾಗಿತ್ತು. ಅವನದೇ ಕಾನೂನು ಅವನನ್ನು ಕಟ್ಟಿಹಾಕಿತು. ಗಂಟೆ ಆರೂವರೆಯೋ ಏಳೂಕಾಲೋ, ಹೊರಟರೆ ಯಾರಿಗೆ ಅವಮಾನ ಎಂದು ಅವನು ಅಂಗಳದಲ್ಲಿ ನಿಂತು ಯೋಚಿಸುತ್ತಿದ್ದಾಗ ಒಳಗಿನಿಂದ ಅತ್ತೆ, ಅಂದರೆ ಮಾವನ ಹೆಂಡತಿ, ದೊಡ್ಡ ಸ್ವರದಲ್ಲಿ ಯಾರಿಗೋ ಹೇಳಿದಳು: "ಅಕ್ಕಿ ಹಾಕಿ ಆಯ್ತು!" ಅಲ್ಲಿಗೆ ವಿಚಾರಣೆ ಮುಗಿಯಿತು. ಅಪ್ಪ ಶಾಲನ್ನು ಮತ್ತೆ ಗೂಟಕ್ಕೆ ಸಿಕ್ಕಿಸಿದ. ಒಳಗಿನ ಕೋಣೆಯಲ್ಲಿ ಎಣ್ಣೆಯ ಬಟ್ಟಲು ಕೆಳಗಿಳಿಯಿತು.

ಮರುದಿನ ಬೆಳಗ್ಗೆ ಪುತ್ತೂರಿನ ನಮ್ಮ ಅಂಗಳದಲ್ಲಿ ಬಲ್ಬು ಬದಲಿಸುವ ಮಹಾಕಾರ್ಯ. ಬಲ್ಬನ್ನು ಮಂಗಳೂರಿನ ಮೊದಲ ಬಸ್ಸಿನಲ್ಲಿ ತರಿಸುವುದು ಒಂದು ಭಾಗವಾದರೆ ಹಾಕುವುದು ಇನ್ನೊಂದು. ಗಡಿಯಾರದ ಬೆನ್ನಿಗೆ ಕೈ ಹೋಗಬೇಕಾದರೆ ತಲೆ ಕೆಳಗೆ ಕಾಲು ಮೇಲೆ ಮಾಡಿ ಹಲಗೆಯ ಅಡಿಗೆ ಹೊಗಬೇಕು ಎಂದು ಅಪ್ಪ ತೀರ್ಮಾನಿಸಿದ್ದ. ಬನಿಯನ್ನು, ಎತ್ತಿ ಕಟ್ಟಿದ ಮುಂಡು, ಕನ್ನಡಕಕ್ಕೆ ದಾರ. ತಲೆ ಕಾರಿನೊಳಗೆ ಮಾಯವಾಗಿ, ಎರಡು ಕಾಲುಗಳು ತೆರೆದ ಬಾಗಿಲಿನಿಂದ ಹೊರಗೆ ಚಾಚಿಕೊಂಡಿರುತ್ತಿದ್ದವು. ಕಕ್ಷಿಗಾರರು ಬಂದು ಆ ಕಾಲುಗಳ ಎದುರಿಗೇ ಭಯಭಕ್ತಿಯಿಂದ ನಿಲ್ಲುತ್ತಿದ್ದರು.

"ವಕೀಲ್ರೆ, ನನ್ನ ಕೇಸು ಇವತ್ತು ಉಂಟಲ್ಲ?" ಎಂದು ಸಂಕಪ್ಪಣ್ಣ ಎಂಬ ಕಕ್ಷಿಗಾರರು ಒಮ್ಮೆ ಕಾಲುಗಳನ್ನು ಕೇಳಿದ್ದು ನೆನಪಿದೆ.

"ಕೇಸು ಎಲ್ಲಿಗೂ ಓಡಿ ಹೋಗುದಿಲ್ಲ ಮಾರಾಯ್ರೆ. ಆ ಸಣ್ಣ ಸ್ಕ್ರೂಡ್ರೈವರು ಇತ್ಲಾಗಿ ಕೊಡಿ" ಎಂದವು ಕಾಲುಗಳು.

ಹೊಸ ಬಲ್ಬು ಉರಿದ ಮೇಲೆ ಅಪ್ಪ ಎದ್ದು, ಬೆವರು ಒರೆಸಿಕೊಂಡು, ನೆರೆದವರತ್ತ ಗೆದ್ದವನ ಹಾಗೆ ನೋಡುತ್ತಿದ್ದ. ಬ್ರೇಕು ಹಿಡಿಯದ ಕಾರಿನಲ್ಲಿ ಸರಿಯಾದ ಗಂಟೆ ತಿಳಿದುಕೊಂಡು ಕೋರ್ಟಿಗೆ ಹೊರಡುತ್ತಿದ್ದ. ತೆಗೆದ ಹಳೇ ಬಲ್ಬನ್ನು ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕಿ ಇಡುತ್ತಿದ್ದ. ನಮ್ಮ ಮನೆಯಲ್ಲಿ ಏನನ್ನೂ ಬಿಸಾಡುವ ಕ್ರಮ ಇರಲಿಲ್ಲ.

ಮುಂದಿನ ಪೆರಾಬೆ ಭೇಟಿಯಲ್ಲಿ ಬಲ್ಬು ಮತ್ತೆ ಹೋಯಿತು. ಅದರ ಮುಂದಿನದರಲ್ಲೂ. ಕೋರ್ಟಿಗೆ ಹೋಗುವಾಗ ಇಲ್ಲ, ಮಂಗಳೂರಿಗೆ ಹೋಗುವಾಗ ಇಲ್ಲ. ಪೆರಾಬೆಯ ಅಂಗಳದಲ್ಲಿ ಮಾತ್ರ.

ಕೋರ್ಟಿನಲ್ಲಿ ನೊಣ ಹಾರಿತು ಎಂದರೂ ಯಾರು ನೋಡಿದ್ದು ಎಂದು ಕೇಳುವ ಅಪ್ಪ, ಈ ವಿಷಯದಲ್ಲಿ ಮಾತ್ರ ಸಾಕ್ಷಿ ಇಲ್ಲದೆಯೇ ತೀರ್ಪು ಕೊಟ್ಟ. ಅಪರಾಧಿ ರಸ್ತೆ. ಪೆರಾಬೆ, ಆಲಂಕಾರಿನ ಕಡೆ ಹೋಗುವ ಆ ರಸ್ತೆಯ ಹೊಂಡಗಳಿಂದ ಬಲ್ಬಿನೊಳಗಿನ ತಂತಿ ಕಡಿಯುತ್ತದೆ ಎಂದು ಅವನು ಬಾರಿನ ಕೋಣೆಯಲ್ಲಿ ಇತರ ವಕೀಲರಿಗೆ ಪಾಠ ಮಾಡಿದನಂತೆ. ಅದೇ ಹೊಂಡಗಳಲ್ಲಿ ಅದೇ ಕಾರಿನ ಉಳಿದ ಬಲ್ಬುಗಳು ಯಾಕೆ ಸುಡುವುದಿಲ್ಲ ಎಂದು ಒಬ್ಬನೂ ಪಾಟೀಸವಾಲು ಹಾಕಲಿಲ್ಲ. ಎಲ್ಲರೂ ಓದಿದವರು.

ನನಗೆ ಗೊತ್ತಾದದ್ದು ಹೇಗೆಂದರೆ, ಪೆರಾಬೆಗೆ ಹೊರಟ ದಿನ ಉಪ್ಪಿನಂಗಡಿಯಲ್ಲಿ ಅಪ್ಪ ನೀರು ತರಲು ಇಳಿದಾಗ ಅಮ್ಮನ ತಲೆಯ ಪಿನ್ನು ಬೀಳುತ್ತಿತ್ತು. ಅವಳು ಅದನ್ನು ಹುಡುಕಲು ಬಗ್ಗುತ್ತಿದ್ದಳು. ಕೆಳಗೆ ಬಿದ್ದ ಪಿನ್ನನ್ನು ಅವಳು ಮೇಲೆ, ಗಡಿಯಾರದ ಹಿಂದೆ ಕೈ ಹಾಕಿ ಹುಡುಕುವುದು ನನಗೆ ವಿಚಿತ್ರ ಕಂಡಿತು. ಅಪ್ಪ ತಲೆಕೆಳಗಾಗಿ ಮಾಡುತ್ತಿದ್ದ ಕೆಲಸವನ್ನು ಅವಳು ಕುಳಿತಲ್ಲೇ, ಬಳೆಯ ಸದ್ದು ಕೂಡ ಆಗದ ಹಾಗೆ, ಎರಡು ಬೆರಳಲ್ಲಿ ಮುಗಿಸುತ್ತಿದ್ದಳು. ಬಲ್ಬನ್ನು ಅರ್ಧ ಸುತ್ತು ತಿರುಗಿಸಿ ಸಡಿಲ ಮಾಡಿದರೆ ಸಾಕಿತ್ತು.

"ಅಮ್ಮ, ಪಿನ್ನು ನಿನ್ನ ತಲೆಯಲ್ಲೇ ಉಂಟಲ್ಲ?" ಎಂದೆ.

"ಹೌದಾ? ಹಾಗಾದ್ರೆ ಸಿಕ್ಕಿತು" ಎಂದಳು ಅಮ್ಮ, ಹಿಂದೆ ತಿರುಗದೆ. ಸ್ವಲ್ಪ ಹೊತ್ತಿನ ಮೇಲೆ, ತಿರುಗದೆಯೇ, ನನ್ನ ಕೈಗೆ ಒಂದು ಬಾಳೆಹಣ್ಣು ಕೊಟ್ಟಳು. ಕೋರ್ಟಿನವರ ಮನೆಯಲ್ಲಿ ಬೆಳೆದ ನನಗೆ ಅದು ಏನೆಂದು ಅರ್ಥವಾಯಿತು. ತಿಂದು ಸುಮ್ಮನಾದೆ.

ಒಂದು ಸಲ ಮಾತ್ರ ಅಮ್ಮ ಸಂಕಟಕ್ಕೆ ಸಿಕ್ಕಿಕೊಂಡಳು. ಪೆರಾಬೆಗೆ ತಿರುಗುವಲ್ಲಿ ಒಂದು ಮರದ ಬುಡದಲ್ಲಿ ಗುಳಿಗನ ಕಲ್ಲು ಇತ್ತು. ಮಾವನಿಗೆ ಎಲ್ಲ ತಿಳಿದಿದ್ದರೂ, ಅಪ್ಪನ ಅನುಮಾನ ಅಡುಗೆಮನೆಯ ಕಡೆ ತಿರುಗದೆ ಇರಲಿ ಎಂದು ದೈವವನ್ನು ನಡುವೆ ಎಳೆದು ತಂದ.

"ಭಾವ, ಅಲ್ಲಿ ಗುಳಿಗ ಉಂಟಲ್ಲ, ಒಂದು ತೆಂಗಿನಕಾಯಿ ಇಟ್ಟು ನೋಡಿ."

"ಗುಳಿಗನಿಗೆ ನನ್ನ ಬಲ್ಬಿನಲ್ಲಿ ಎಂತ ಕೆಲಸ?" ಎಂದು ಅಪ್ಪ ನಕ್ಕ. ಮೂಢನಂಬಿಕೆಯ ಬಗ್ಗೆ ಒಂದು ಸಣ್ಣ ಭಾಷಣವನ್ನೂ ಮಾಡಿದ. ಮುಂದಿನ ಸಲ ಬರುವಾಗ ಸರಿಯಾಗಿ ಆ ಮರದ ಹತ್ತಿರವೇ ಎಂಜಿನು ಬಿಸಿಯಾಯಿತು ಎಂದು ಕಾರು ನಿಲ್ಲಿಸಿದ. ಎಂಜಿನು ತಣಿಯಲಿ ಎಂದು ಇಳಿದವನ ಕೈಯಲ್ಲಿ ತೆಂಗಿನಕಾಯಿ ಇತ್ತು. ಮುಂದುವರಿದ ಮನುಷ್ಯ ಎಂದು ಹೆಸರಾದವ, ಅತ್ತ ಇತ್ತ ನೋಡಿ, ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ಕಾಯಿ ಇಟ್ಟು ಕೈ ಮುಗಿದ.

ಅಮ್ಮ ಉಪ್ಪಿನಂಗಡಿಯಲ್ಲೇ ತನ್ನ ಕೆಲಸ ಮುಗಿಸಿದ್ದಳು. ಅಪ್ಪ ಕೈ ಮುಗಿಯುವುದನ್ನು ಅವಳು ಗಾಜಿನಿಂದ ನೋಡಿದಳು. ಬಲ್ಬು ಇವತ್ತೂ ಹೋದರೆ ಗುಳಿಗನ ಹೆಸರು ಕೆಡುತ್ತದೆ. ಕಾಯಿ ಇಟ್ಟರೂ ಕಾಯಲಿಲ್ಲ ಎಂದು ಅಪ್ಪ ಊರೆಲ್ಲ ಹೇಳಿಕೊಂಡು ಬರುತ್ತಾನೆ. ಗಂಡನನ್ನು ಏಮಾರಿಸುವುದಕ್ಕೆ ಅಮ್ಮನಿಗೆ ಎಳ್ಳಷ್ಟೂ ಅಳುಕಿರಲಿಲ್ಲ, ಆದರೆ ದೈವವನ್ನು ಸುಳ್ಳು ಮಾಡುವ ಧೈರ್ಯ ಇರಲಿಲ್ಲ. ಕೈ ಹಲಗೆಯ ಅಡಿಗೆ ಹೋಯಿತು. ಅರ್ಧ ಸುತ್ತು ವಾಪಸು.

ಆ ಸಂಜೆ ಗಡಿಯಾರ ಝಗ್ಗೆಂದು ಬೆಳಗಿತು. ಅಪ್ಪ ಏಳಕ್ಕೆ ಹೊರಡಿಸಿದ. ಅಜ್ಜಿ ಎಣ್ಣೆಯ ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡೇ ಬಾಗಿಲವರೆಗೆ ಬಂದಳು. "ಈ ಸಲ ಬೇಗ ಆಯ್ತಲ್ಲ ಮಗಾ" ಎಂದಳು. ಅಮ್ಮ ಬಟ್ಟಲನ್ನು ಅವಳ ಕೈಯಿಂದ ತೆಗೆದು ಒಳಗಿಟ್ಟು ಬಂದು ಕಾರು ಹತ್ತಿದಳು. ಗುಳಿಗನ ಮಾನ ಉಳಿಸಲು ಅವಳು ಕೊಟ್ಟದ್ದು ಅಪ್ಪನ ತೆಂಗಿನಕಾಯಿಗಿಂತ ದೊಡ್ಡದು ಎಂದು ನನಗೆ ಈಗಲೂ ಅನಿಸುತ್ತದೆ. ಅದರ ಮುಂದಿನ ತಿಂಗಳು ಬಲ್ಬು ಎಂದಿನಂತೆ ಹೋಯಿತು. ಕಾಯಿಯ ಪ್ರಭಾವ ಅಷ್ಟೇ ದಿನ ಇರುವುದೇನೋ ಎಂದು ಅಪ್ಪ ಗಂಭೀರವಾಗಿ ಹೇಳಿದ.

ಹೀಗೆ ಕೆಲವು ವರ್ಷ ನಡೆಯಿತು. ಸುರುವಿನಲ್ಲಿ ಬಲ್ಬು ಮಂಗಳೂರಿನಿಂದ ಬರುತ್ತಿತ್ತು. ಆಮೇಲೆ ಮಂಗಳೂರಿನ ಸುದ್ದಿ ನಿಂತಿತು. ಆದರೂ ಸೋಮವಾರ ಬೆಳಗ್ಗೆ ಕಾಲುಗಳು ಹೊರಗೆ ಚಾಚುವುದು, ಹಳೆಯದು ಡಬ್ಬಿಗೆ ಬೀಳುವುದು, ಹೊಸದು ಉರಿಯುವುದು ತಪ್ಪಲಿಲ್ಲ. ಹೊಸದು ಎಲ್ಲಿಂದ ಬರುತ್ತದೆ ಎಂದು ನಾನಾಗಲಿ ಅಮ್ಮನಾಗಲಿ ಕೇಳಲಿಲ್ಲ. ಕಳ್ಳರು ಹೆಚ್ಚು ಪ್ರಶ್ನೆ ಕೇಳುವ ಹಾಗಿಲ್ಲವಲ್ಲ.

ಅರವತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ಅಜ್ಜಿ ತೀರಿಕೊಂಡಳು. ಅವಳ ಕ್ರಿಯೆಗಳೆಲ್ಲ ಮುಗಿದ ಮೇಲೆ, ಮಾವ ಕರೆದನೆಂದು ಒಂದು ಭಾನುವಾರ ಮತ್ತೆ ಪೆರಾಬೆಗೆ ಹೋದೆವು. ಉಪ್ಪಿನಂಗಡಿಯಲ್ಲಿ ಅಪ್ಪ ನೀರು ತರಲು ಇಳಿದ. ನಾನು ಹಿಂದಿನ ಸೀಟಿನಿಂದ ಅಮ್ಮನ ಕೈಗಳನ್ನೇ ನೋಡುತ್ತಿದ್ದೆ. ಅವು ಮಡಿಲಲ್ಲೇ ಇದ್ದವು. ಅಪ್ಪ ಅಂದು ನೀರು ತರಲು ಬಹಳ ಹೊತ್ತು ಮಾಡಿದ.

ಸಂಜೆ ಗಡಿಯಾರ ಉರಿಯಿತು. ಏಳಕ್ಕೆ ಹೊರಟೆವು. ಅಮ್ಮ ದಾರಿಯುದ್ದಕ್ಕೂ ಆ ಬೆಳಕನ್ನೇ ನೋಡುತ್ತ ಕುಳಿತಳು. ನನಗೆ ಅಳು ಬಂದು, ಬಾಳೆಎಲೆಯ ಕಟ್ಟಿನ ಹಿಂದೆ ಮುಖ ಮರೆಸಿಕೊಂಡೆ. ಒಂದು ದೊಡ್ಡ ಹೊಂಡಕ್ಕೆ ಕಾರು ಬಿದ್ದು ಮೂವರ ತಲೆಯೂ ಮೇಲಿನ ತಗಡಿಗೆ ಬಡಿಯಿತು. ತಲೆ ಸವರಿಕೊಳ್ಳುತ್ತ ಅಪ್ಪ ಹೇಳಿದ: "ಈ ರಸ್ತೆ ಈಗ ಸರಿಯಾಗಿದೆ."

ಆಮೇಲೆ ಆ ಬಲ್ಬು ಸುಡಲೇ ಇಲ್ಲ.

ಆ ದಶಕ ಮುಗಿಯುವ ಮೊದಲು ನನಗೆ ಮದುವೆಯಾಯಿತು. ಗಂಡ ಸುಳ್ಯದ ಒಂದು ಶಾಲೆಯಲ್ಲಿ ಮೇಷ್ಟ್ರು. ಪೇಟೆಯಿಂದ ಕೊಂಚ ಮೇಲೆ ಒಂದು ಬಾಡಿಗೆ ಮನೆ. ಅಪ್ಪ ಅಮ್ಮ ಮೊದಲ ಸಲ ಬಂದದ್ದು ಒಂದು ಭಾನುವಾರ, ಅದೇ ಕಾರಿನಲ್ಲಿ. ಅದು ಇಳಿದು ಬಂದಿದ್ದ ದಾರಿಯನ್ನು ಏದುಸಿರು ಬಿಡುತ್ತ ಮತ್ತೆ ಹತ್ತಿಕೊಂಡು ಬಂದಿತ್ತು. ಮಗಳನ್ನು ಕೊಟ್ಟ ಮನೆಯಲ್ಲಿ ಅಪ್ಪನಾದವನು ರಾತ್ರಿಯ ಊಟಕ್ಕೆ ನಿಲ್ಲಬಾರದು ಎನ್ನುವುದು ಅವನ ಇನ್ನೊಂದು ಶಾಸನ. ನಾನು ಚಿಕ್ಕವಳಿದ್ದಾಗಿನಿಂದ ಅದನ್ನು ಎಷ್ಟೋ ಸಲ ಕೇಳಿದ್ದೆ. ನನಗೆ ಅನ್ವಯವಾಗುವ ದಿನ ಬರುತ್ತದೆ ಎಂದು ಆಗ ಹೊಳೆದಿರಲಿಲ್ಲ.

ಬಂದವರು ಕೂತರು. ನಾನು ಅಪ್ಪನಿಗೆ ಕಾಫಿ ಮಾಡಿದೆ, ಅಪ್ಪನಿಗೆ ಅವಲಕ್ಕಿ ಕಲಸಿದೆ, ಅಪ್ಪನನ್ನು ನೋಡಲು ಬಂದ ನೆರೆಕರೆಯವರಿಗೆ ಬೆಲ್ಲ ನೀರು ಕೊಟ್ಟೆ. ಇಷ್ಟರಲ್ಲಿ ಕತ್ತಲಾಯಿತು. ಆ ಮನೆಗೆ ನನ್ನ ಕಡೆಯವರು ಅಂತ ಬಂದದ್ದು ಅದೇ ಮೊದಲು. ಒಂದು ಮಾತೂ ಆಡಿ ಆಗಿರಲಿಲ್ಲ. ಅಡುಗೆಮನೆಯಲ್ಲಿ ಅಮ್ಮನನ್ನು ಮೆಲ್ಲಗೆ ಕೇಳಿದೆ:

"ಅಮ್ಮ, ಇವತ್ತು ಪಿನ್ನು ಬೀಳ್ಲಿಲ್ಲವಾ?"

ಅವಳು ತಲೆಯಾಡಿಸಿದಳು. "ಇಲ್ಲ ಮಗಾ. ಅದೆಲ್ಲ ಅಜ್ಜಿಯೊಟ್ಟಿಗೆ ಹೋಯ್ತು. ಇಲ್ಲಿ ಅಳಿಯಂದಿರ ಎದುರು ನಾ ಹಾಗೆ ಮಾಡಿ, ಇವರ ಮರ್ಯಾದೆ ಹೋದ್ರೆ?"

ಚಾವಡಿಯಲ್ಲಿ ಕುರ್ಚಿ ಸರಿದ ಸದ್ದು. ಅಪ್ಪ ಎದ್ದ, ಮೆಟ್ಟಿಲಿಳಿದ, ಕಾರಿನ ಬಾಗಿಲು ಕಿರ್ರೆಂದಿತು. ಇನ್ನು ಏಳಾಯ್ತು ಎಂದು ಕೂಗುತ್ತಾನೆ ಎಂದು ನಾನು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದೆ. ಕೂಗು ಬರಲಿಲ್ಲ. ಕಾರಿನೊಳಗೆ ಏನೋ ತಡಕಾಡುವ ಸದ್ದು. ಆಮೇಲೆ ಅಪ್ಪನೇ ಮೆಟ್ಟಿಲು ಹತ್ತಿ ಬಂದ.

"ಬಲ್ಬು ಹೋಗಿದೆ" ಎಂದ.

ಅಮ್ಮ ನನ್ನ ಕೈ ಹಿಡಿದುಕೊಂಡಳು. "ನಾ ಮುಟ್ಲಿಲ್ಲ" ಎಂದಳು, ಕೇಳಿಯೂ ಕೇಳದ ಹಾಗೆ.

ನನ್ನ ಗಂಡನಿಗೆ ಈ ಮನೆತನದ ಕತೆ ಏನು ಗೊತ್ತು? ಅವರು ಪಾಪ, ಉಪಕಾರ ಮಾಡುವ ಉತ್ಸಾಹದಲ್ಲಿ ಕೈ ಎತ್ತಿ ಗಡಿಯಾರ ನೋಡಿದರು. "ಮಾವ, ಗಂಟೆ ಈಗ ಏಳು ಆಗಲಿಕ್ಕೆ..."

"ಕೈಗಡಿಯಾರ ಎಲ್ಲ ನಂಬುದಲ್ಲ ಮಾರಾಯ್ರೆ" ಎಂದು ಅಪ್ಪ ಅವರ ಬಾಯಿ ಮುಚ್ಚಿಸಿದ. "ಎಂತ ಮಾಡುದು, ಈ ಸುಳ್ಯದ ರಸ್ತೆ ಹಾಗುಂಟು. ಬಲ್ಬು ತಡೀಲಿಕ್ಕೆ ಇಲ್ಲ."

ಹೇಳುತ್ತ ಶಾಲನ್ನು ಗೂಟಕ್ಕೆ ಸಿಕ್ಕಿಸಿ ಕುರ್ಚಿಯಲ್ಲಿ ಕುಳಿತ. ಬಾಗಿಲ ಸಂದಿಯಿಂದ ನಾವಿಬ್ಬರೂ ನೋಡಿದೆವು. ಅವನ ಬಿಳಿ ಅಂಗಿಯ ತೆಳ್ಳಗಿನ ಕಿಸೆಯ ತಳದಲ್ಲಿ, ನೆಲಗಡಲೆ ಕಾಳಿನಷ್ಟು ಗಾತ್ರದ ಏನೋ ಒಂದು ದೀಪದ ಬೆಳಕಿಗೆ ಹೊಳೆಯುತ್ತಿತ್ತು. ಅಪ್ಪನಿಗೆ ಸಡಿಲ ಮಾಡಿ ಬಿಡುವ ನಾಜೂಕು ಎಲ್ಲಿಂದ ಬರಬೇಕು? ಕಿತ್ತೇ ತಂದಿದ್ದ.

ಅಮ್ಮ ಬಹಳ ಹೊತ್ತು ಆ ಕಿಸೆಯನ್ನೇ ನೋಡಿದಳು. ಆಮೇಲೆ, "ಆ ಬಿಸ್ಕತ್ತಿನ ಡಬ್ಬಿ ಇಷ್ಟು ವರ್ಷವಾದ್ರೂ ತುಂಬದ್ದು ಯಾಕೆ ಅಂತ ಈಗ ಗೊತ್ತಾಯ್ತು" ಎಂದಳು. ಮಂಗಳೂರಿನ ಸುದ್ದಿ ನಿಂತ ಮೇಲೆ ಹೊಸ ಬಲ್ಬುಗಳೆಲ್ಲ ಬರುತ್ತಿದ್ದದ್ದು ಅದೇ ಡಬ್ಬಿಯಿಂದ. ಸುಡದ ಬಲ್ಬನ್ನು ಸುಟ್ಟಿತೆಂದು ತೆಗೆದು, ಸುಡದ ಇನ್ನೊಂದನ್ನು ಹಾಕಲು ಅವನು ವರ್ಷಗಟ್ಟಲೆ ಊರವರ ಎದುರು ತಲೆಕೆಳಗಾಗಿ ಬಿದ್ದುಕೊಂಡಿದ್ದ. ಅಮ್ಮನಿಗೆ ನಗು ಬಂತೋ ಅಳು ಬಂತೋ, ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಹೊರಗಿನಿಂದ ಅಪ್ಪ ಗಂಟಲು ಸರಿಮಾಡಿಕೊಂಡು ಕೇಳಿದ, ಸಾಕ್ಷಿಯನ್ನು ಕೇಳುವ ಸ್ವರದಲ್ಲಿ: "ಮಗಾ, ಅಕ್ಕಿ ಹಾಕಿ ಆಯ್ತಾ?"

"ಆಯ್ತು ಅಪ್ಪ" ಎಂದೆ.

ಅಕ್ಕಿ ಇನ್ನೂ ಡಬ್ಬಿಯಲ್ಲೇ ಇತ್ತು.